ಕಾರ್ನ್‌ಫ್ಲೋರಿನಲ್ಲಿ ಟೋರ್ಟಿಯಾ ಆಗಲ್ಲ, ಇನ್ನೆಷ್ಟು ಸಲ ಹೇಳಲಿ?

ಹೊರದೇಶದಲ್ಲಿದ್ದು ಮನೆಯಲ್ಲೇ ಮೆಕ್ಸಿಕನ್ ಅಡುಗೆ ಮಾಡುವ ಓದುಗರು ಜಾಸ್ತಿ ಆಗಿದ್ದಾರೆ. ಸಂತೋಷ. ಆದರೆ ಪತ್ರ ತೆರೆದರೆ ಅದೇ ಪ್ರಶ್ನೆ, ಊರು ಮಾತ್ರ ಬೇರೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ಟೋರ್ಟಿಯಾ ಅಂದರೆ ಮೆಕ್ಸಿಕೊದ ತೆಳು ರೊಟ್ಟಿ, ಅದರಲ್ಲಿ ಪಲ್ಯವೋ ಮಾಂಸವೋ ಇಟ್ಟು ಮಡಚಿದರೆ ಟಾಕೊ. ಇದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ.

ಡಬ್ಲಿನ್‌ನಲ್ಲಿದ್ದೇವೆ. ಮೆಕ್ಕೆಜೋಳದ ಟೋರ್ಟಿಯಾ ಮಾಡಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ, ಮಡಚಿದರೆ ಮುರಿಯುತ್ತದೆ. ಕಾರ್ನ್‌ಫ್ಲೋರ್, ಇಂಡಿಯನ್ ಅಂಗಡಿಯ ಮಕ್ಕಿ ಆಟಾ, ಅರೇಪಾ ಹಿಟ್ಟು ಎಲ್ಲ ಆಯಿತು. ಮೈದಾ ಬೆರೆಸಲೇ?

ಬೇಡ. ಮೂರೂ ತಪ್ಪು ಹಿಟ್ಟೇ. ನಿಮ್ಮಲ್ಲಿ ಕಾರ್ನ್‌ಫ್ಲೋರ್ ಅಂತ ಮಾರುವುದು ಬರೀ ಪಿಷ್ಟ, ಮಂಚೂರಿಗೆ ಹಾಕುವಂಥದ್ದು. ಮಕ್ಕಿ ಆಟಾ ಒಣಕಾಳನ್ನು ಹಾಗೇ ಬೀಸಿದ್ದು. ಅರೇಪಾ ಹಿಟ್ಟು ವೆನೆಜುವೆಲಾದ್ದು, ಬೇಯಿಸಿ ಒಣಗಿಸಿದ್ದು. ಮೆಕ್ಕೆಜೋಳದ್ದೇ ಆದರೂ ಅದಕ್ಕೆ ಸುಣ್ಣದ ಸಂಸ್ಕಾರ ಆಗಿರುವುದಿಲ್ಲ. ಟೋರ್ಟಿಯಾದ ಗುಟ್ಟೆಲ್ಲ ಆ ಸುಣ್ಣದಲ್ಲೇ ಇದೆ.

ಮೆಕ್ಸಿಕೊದಲ್ಲಿ ಸಾವಿರಾರು ವರ್ಷಗಳಿಂದ ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ತೊಳೆದು ರುಬ್ಬುತ್ತಾರೆ. ಹೀಗೆ ಬೇಯಿಸಿದ ಕಾಳು ನಿಶ್ತಮಾಲ್, ರುಬ್ಬಿದ ಹಿಟ್ಟು ಮಾಸಾ. ಸುಣ್ಣಕ್ಕೆ ಕಾಳಿನ ಸಿಪ್ಪೆ ಕರಗುತ್ತದೆ, ಅದರ ಅಂಟು ಹಿಟ್ಟನ್ನು ಹಿಡಿದಿಡುತ್ತದೆ. ಟೋರ್ಟಿಯಾದ ಆ ವಾಸನೆಯೂ ಅಲ್ಲಿಂದಲೇ ಬರುವುದು. ಜೊತೆಗೆ ಕಾಳಿನಲ್ಲಿ ಸಿಕ್ಕಿಕೊಂಡಿರುವ ನಿಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವಂತಾಗುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. ಮೆಕ್ಕೆಜೋಳ ಬಿಟ್ಟರೆ ಬೇರೆ ಊಟವಿಲ್ಲದ ಉತ್ತರ ಇಟಲಿಯ ಬಡವರಲ್ಲಿ, ಆಮೇಲೆ 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರಾ ಹಬ್ಬಿತು. ನಿಯಾಸಿನ್ ಸಾಲದೆ ಬಂದು, ಚರ್ಮ ಸುಲಿದು, ಬುದ್ಧಿ ಕೆಡಿಸಿ ಕೊಲ್ಲುವ ಕಾಯಿಲೆ ಅದು.

ಕುದಿನೀರು ಹಾಕಿ ನಾದಿದರೆ ಮಕ್ಕಿ ಆಟಾದಲ್ಲೂ ರೊಟ್ಟಿ ಆಗುತ್ತದೆ. ನಮ್ಮ ಜೋಳದ ರೊಟ್ಟಿಗೂ ಅದೇ ಉಪಾಯ ಅಲ್ವಾ? ಎಣಗಾಯಿ ಜೊತೆ ಖುಷಿಯಾಗಿ ತಿನ್ನಿ. ಟಾಕೊ ಅನ್ನಬೇಡಿ.

ಹಾಗಾದರೆ ಏನು ಮಾಡಬೇಕು? ಮಾಸಾ ಹರೀನಾ ಅಂತ ಬರೆದ ಪ್ಯಾಕೆಟ್ ತರಿಸಿ. ಅದು ನಿಶ್ತಮಾಲ್ ಮಾಡಿ ಒಣಗಿಸಿದ ಹಿಟ್ಟು. ಒಂದು ಕಪ್ಪಿಗೆ ಮುಕ್ಕಾಲರಿಂದ ಒಂದು ಕಪ್ ಬಿಸಿನೀರು, ಚಿಟಿಕೆ ಉಪ್ಪು. ಕಲಸಿ ಅರ್ಧ ಗಂಟೆ ಮುಚ್ಚಿಡಿ, ಹಿಟ್ಟು ನೀರು ಕುಡಿಯಲಿ. ಚಿಕ್ಕ ಉಂಡೆಯನ್ನು ಅಂಗೈಯಲ್ಲಿ ಅದುಮಿ ನೋಡಿ: ಅಂಚು ಬಿರಿದರೆ ನೀರು ಸಾಲದು, ಕೈಗೆ ಅಂಟಿದರೆ ಜಾಸ್ತಿ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒತ್ತಿ. ಚೆನ್ನಾಗಿ ಕಾದ ಕಬ್ಬಿಣದ ತವಾ ಮೇಲೆ, ಎಣ್ಣೆಯಿಲ್ಲದೆ, ಮೊದಲ ಮಗ್ಗುಲು 20 ಸೆಕೆಂಡ್. ಅಂಚು ತವಾ ಬಿಟ್ಟೇಳುತ್ತದೆ, ಆಗ ಮಗುಚಿ. ಎರಡನೇ ಮಗ್ಗುಲು ಮುಕ್ಕಾಲು ನಿಮಿಷ. ಮತ್ತೆ ಮಗುಚಿ ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಉಬ್ಬಬೇಕು. ತೆಗೆದ ತಕ್ಷಣ ಬಟ್ಟೆಯಲ್ಲಿ ಸುತ್ತಿಡಿ. ಈ ಬಟ್ಟೆಯನ್ನೇ ಎಲ್ಲರೂ ಮರೆಯುವುದು. ತವಾದಿಂದ ಇಳಿದಾಗ ಒರಟಾಗಿರುವ ಟೋರ್ಟಿಯಾ ತನ್ನ ಹಬೆಯಲ್ಲೇ ಹತ್ತು ನಿಮಿಷ ಕೂತ ಮೇಲೆ ಮೆತ್ತಗಾಗುತ್ತದೆ. ತಟ್ಟೆಯಲ್ಲಿ ಬಿಚ್ಚಿಟ್ಟು ಆಮೇಲೆ ಮುರಿಯಿತು ಅಂತ ನನಗೆ ಬರೆಯಬೇಡಿ.

ಕಾಳಿನಿಂದಲೇ ಮಾಡುವ ಹಟ ಇದ್ದರೆ ಒಂದು ಕಿಲೋ ಒಣ ಮೆಕ್ಕೆಜೋಳಕ್ಕೆ 10 ಗ್ರಾಂ ಸುಣ್ಣ, ಮೂರು ಲೀಟರ್ ನೀರು. ಸಣ್ಣ ಉರಿಯಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ಬೇಯಿಸಿ. ಬೆರಳಿನಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು. ಕಾಳು ಮುರಿದರೆ ನಡುವೆ ಚುಕ್ಕೆಯಷ್ಟು ಬಿಳಿ ಹಸಿ ಉಳಿದಿರಬೇಕು. ಮೆತ್ತಗೆ ಬೇಯಿಸಿದರೆ ಗೋಂದಾಗುತ್ತದೆ. ರಾತ್ರಿ ನೆನೆಸಿ ಬೆಳಿಗ್ಗೆ ತೊಳೆಯಿರಿ. ವೆಟ್ ಗ್ರೈಂಡರ್ ಇದ್ದರೆ ಪುಣ್ಯ. ನೀರು ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ, ಆಮೇಲೆ ಮಾಸಾ ಹರೀನಾ ಬೆರೆಸಿ ಹದಕ್ಕೆ ತನ್ನಿ.

ಸುಣ್ಣದ ವಿಷಯದಲ್ಲಿ ನಾನು ತುಂಬಾ ಹೆದರುಪುಕ್ಕಲ. ಡಬ್ಬದ ಮೇಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಇ526 ಅಂತಿರಬೇಕು, ಆಹಾರಕ್ಕೆ ಅಂತಲೂ ಬರೆದಿರಬೇಕು. ಗೋಡೆಗೆ ಬಳಿಯುವ ಸುಣ್ಣ ಬೇಡ. ನೀರು ಬಿದ್ದರೆ ಕುದಿಯುವ ಸುಟ್ಟ ಸುಣ್ಣವಂತೂ ಕಣ್ಣು ತೆಗೆದೀತು. ಎಲೆಅಡಿಕೆಯ ಸುಣ್ಣವೂ ಮೂಲದಲ್ಲಿ ಇದೇ ವಸ್ತು, ಆದರೆ ಪ್ಯಾಕೆಟ್ಟಿನಲ್ಲಿ ಇನ್ನೇನು ಬೆರೆಸಿದ್ದಾರೋ, ನಾನಂತೂ ಹಾಕುವುದಿಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಇರಲಿ. ಬಿತ್ತನೆ ಬೀಜ ಖಂಡಿತ ಬೇಡ, ಅದಕ್ಕೆ ವಿಷ ಸವರಿರುತ್ತಾರೆ. ಸುಣ್ಣದ ಬದಲು ಅಡುಗೆ ಸೋಡಾ ಸಾಕು ಅನ್ನುವ ವಿಡಿಯೊ ಕಳಿಸಿದವರಿಗೆ: ಸಿಪ್ಪೆ ಬಿಡುತ್ತದೆ, ಬಾಯಲ್ಲಿ ಸೋಪು ಉಳಿಯುತ್ತದೆ.

ಕಾಳು ನೆನೆಸಿದ ಹಳದಿ ನೀರು ಕುಡಿದರೆ ಮಂಡಿನೋವು ಹೋಗುತ್ತದಂತೆ, ನಿಜವೇ?

ಸುಳ್ಳು. ಚೆಲ್ಲಿ. ಹಾಗೆ ಹೇಳಿದವರು ವೈದ್ಯರಲ್ಲ, ಅದನ್ನು ವಾಟ್ಸಾಪಿನಲ್ಲಿ ಮುಂದೆ ಕಳಿಸಿದ ನೀವೂ ಅಲ್ಲ.

ಗ್ವಾಕಮೋಲೆಯಲ್ಲಿ, ಅಂದರೆ ಬೆಣ್ಣೆಹಣ್ಣಿನ ಚಟ್ನಿಯಲ್ಲಿ, ಹಣ್ಣಿನ ಬೀಜ ಇಟ್ಟರೆ ಕಪ್ಪಾಗುವುದಿಲ್ಲವೇ?

ಬೀಜದ ಅಡಿಯಲ್ಲಿರುವಷ್ಟು ಆಗುವುದಿಲ್ಲ. ಉಳಿದದ್ದು ಆಗುತ್ತದೆ.

ಮೆಕ್ಸಿಕನ್ ಮೆಣಸಿನಕಾಯಿ ಸಿಗಲ್ಲ. ಬ್ಯಾಡಗಿ ನಡೆಯುತ್ತದಾ?

ಗ್ವಾಹಿಯೊ ಬದಲಿಗೆ ನಡೆಯುತ್ತದೆ. ಬಣ್ಣ ಬರುತ್ತದೆ, ಖಾರವೂ ಮಿತ. ಆಂಚೊಗೆ ನಡೆಯಲ್ಲ, ಅದರ ಒಣದ್ರಾಕ್ಷಿಯಂಥ ಸಿಹಿ ಬ್ಯಾಡಗಿಯಲ್ಲಿಲ್ಲ. ಚಿಪೋಟ್ಲೆ ಅಂದರೆ ಹೊಗೆಯಲ್ಲಿ ಒಣಗಿಸಿದ ಹಾಲಪೆನ್ಯೊ, ಡಬ್ಬದ್ದೇ ಕೊಳ್ಳಿ. ಯಾವುದಾದರೂ ಸರಿ, ಬೀಜ ತೆಗೆದು, ತವಾ ಮೇಲೆ ಘಮ್ಮೆನ್ನುವಷ್ಟೇ ಬಾಡಿಸಿ, ಬಿಸಿನೀರಲ್ಲಿ ನೆನೆಸಿ ರುಬ್ಬಿ. ಕಪ್ಪಾದರೆ ಇಡೀ ಸಾಸ್ ಕಹಿ. ಟಾಕೊ ಮಸಾಲೆ ಪ್ಯಾಕೆಟ್ಟಿನ ಜೀರಿಗೆ ಘಾಟು ಟೆಕ್ಸಾಸ್ ಕಡೆಯದು.

ಸ್ಲೋ ಕುಕರಿನಲ್ಲಿ ರಾಜ್ಮಾ ಹಾಕಿ ಕೆಲಸಕ್ಕೆ ಹೋಗಬಹುದೇ?

ಬೇಡ. ಇದು ತಮಾಷೆಯಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ವಿಷ ಇದೆ. ಸ್ಲೋ ಕುಕರಿನಂಥ, ಕುದಿಬಿಂದು ಮುಟ್ಟದ ಶಾಖದಲ್ಲಿ ಅದು ಸಾಯುವುದಿಲ್ಲ, ಇನ್ನೂ ಹೆಚ್ಚಬಹುದು. ನಾಲ್ಕೈದು ಕಾಳು ತಿಂದರೂ ವಾಂತಿ ಶುರು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ ಆಮೇಲೆ ಎಲ್ಲಿಗಾದರೂ ಹಾಕಿ. ಪ್ರೆಷರ್ ಕುಕರ್ ಇದ್ದವರಿಗೆ ಈ ತಲೆನೋವೇ ಇಲ್ಲ.

ಗೋಧಿ ಟೋರ್ಟಿಯಾ ನಕಲಿಯೇ? ನಾವು ಸಸ್ಯಾಹಾರಿಗಳು.

ನಕಲಿಯಲ್ಲ. ಸೊನೋರಾ ಕಡೆ, ಉತ್ತರ ಮೆಕ್ಸಿಕೊದಲ್ಲಿ, ಅದೇ ದಿನದ ಊಟ. ಆದರೆ ಅದಕ್ಕೆ ಹಂದಿಕೊಬ್ಬು ಹಾಕುವ ರೂಢಿ ಇದೆ. ಡಬ್ಬದ ರಿಫ್ರೈಡ್ ಬೀನ್ಸ್‌ನಲ್ಲೂ, ಅಂದರೆ ಬೇಯಿಸಿ ಮಸೆದು ಹುರಿದ ಕಾಳಿನಲ್ಲೂ, ಇರಬಹುದು. ಲೇಬಲ್ಲಿನಲ್ಲಿ ಲಾರ್ಡ್ ಅಥವಾ ಮಾಂತೆಕಾ ದೆ ಸೆರ್ದೊ ಅಂತಿದ್ದರೆ ವಾಪಸ್ ಇಡಿ.