ಸಿಯಾಟಲ್‌ಗೆ ಹೊರಟ ತಮ್ಮನಿಗೆ

ತಮ್ಮಾ, "ಅಲ್ಲೂ ಜಾತಿ ಕೇಳ್ತಾರಾ ಅಕ್ಕಾ? ಸಿಯಾಟಲ್‌ನಲ್ಲಿ ಜಾತಿಭೇದದ ವಿರುದ್ಧ ಕಾನೂನು ಬಂದಿದೆಯಂತೆ, ಇನ್ನೇನೂ ಭಯ ಇಲ್ಲ ಅಲ್ವಾ?" ಎಂದು ಬರೆದಿದ್ದೀಯ.

ಕೇಳುತ್ತಾರೆ. ನೇರವಾಗಿ ಅಲ್ಲ. ಯಾವ ಊರು, ಮನೆದೇವರು ಯಾವುದು, ವೆಜ್ಜಾ ನಾನ್‌ವೆಜ್ಜಾ ಎನ್ನುತ್ತಾ ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. ನಾನು ಬಂದ ಹೊಸದರಲ್ಲಿ ನಮ್ಮ ಕಡೆಯವರ ಮನೆಯಲ್ಲೇ ಒಂದು ರೂಮು ಗೊತ್ತಾಗಿತ್ತು. ಮಾತಿನ ಮಧ್ಯೆ ಮನೆದೇವರ ಹೆಸರು ಹೇಳಿದೆ. ಮಾರನೇ ದಿನ "ಬೇರೆಯವರಿಗೆ ಕೊಟ್ಟುಬಿಟ್ಟೆವು" ಎಂದು ಮೆಸೇಜು ಬಂತು. ಎರಡು ವಾರ ಕಳೆದರೂ ಆ ರೂಮು ಖಾಲಿಯೇ ಇತ್ತು. ಅವತ್ತು ಎಷ್ಟು ಅತ್ತಿದ್ದೆನೋ. ಯಾರಿಗೆ ಹೇಳಬೇಕೆಂದೂ ತಿಳಿದಿರಲಿಲ್ಲ.

ಅದಕ್ಕೇ ಈ ಕಾನೂನು ನನಗೆ ದೊಡ್ಡದು. 2023ರ ಫೆಬ್ರವರಿ 21ರಂದು ಸಿಯಾಟಲ್ ನಗರ ಕೌನ್ಸಿಲ್ ಅದನ್ನು 6-1 ಮತಗಳಿಂದ ಒಪ್ಪಿತು. ಮಂಡಿಸಿದವರು ಆಗ ಕೌನ್ಸಿಲ್ ಸದಸ್ಯೆಯಾಗಿದ್ದ ಕ್ಷಮಾ ಸಾವಂತ್. ಅಮೆರಿಕದ ನಗರಗಳಲ್ಲಿ ಇದೇ ಮೊದಲು. ಕೆಲಸ, ಬಾಡಿಗೆ ಮನೆ, ಹೋಟೆಲು, ಅಂಗಡಿ ಎಲ್ಲೂ ಜಾತಿ ನೋಡಿ ಭೇದ ಮಾಡುವಂತಿಲ್ಲ. ನಗರದ ಸಿವಿಲ್ ರೈಟ್ಸ್ ಕಚೇರಿಗೆ ದೂರು ಕೊಡಬಹುದು.

ಆದರೆ ಒಂದು ಮಾತು ನೆನಪಿಡು. ಅದು ಸಿಯಾಟಲ್ ನಗರದ ಗಡಿಯೊಳಗೆ ಮಾತ್ರ. ಭಾರತದವರು ಜಾಸ್ತಿ ಇರುವ ಬೆಲ್‌ವ್ಯೂ, ರೆಡ್ಮಂಡ್ ಬೇರೆಯೇ ನಗರಗಳು. ನಡುವಿನ ವಾಷಿಂಗ್ಟನ್ ಸರೋವರ ದಾಟಿದರೆ ಈ ಕಾನೂನು ಇಲ್ಲ. ಆಫರ್ ಲೆಟರ್‌ನಲ್ಲಿ ಆಫೀಸು ಯಾವ ನಗರದಲ್ಲಿದೆ ಎಂದು ಮೊದಲು ನೋಡು.

ಕ್ಯಾಲಿಫೋರ್ನಿಯಾದಲ್ಲಿ ಇಡೀ ರಾಜ್ಯಕ್ಕೇ ಇಂಥ ಮಸೂದೆ ಪಾಸಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕದೆ ವಾಪಸು ಕಳಿಸಿದರು. ಈಗಿರುವ ಕಾನೂನಿನಲ್ಲೇ ಅದು ಸೇರಿದೆ ಎಂದರು. ನಾನು ಒಪ್ಪುವುದಿಲ್ಲ. ಕಾನೂನಿನಲ್ಲಿ 'ಜಾತಿ' ಎಂಬ ಪದವೇ ಇಲ್ಲದಿದ್ದರೆ, ನೊಂದವನು ಎಚ್‌ಆರ್ ಮುಂದೆ ಕೂತು ಜಾತಿ ಎಂದರೇನು ಎಂಬಲ್ಲಿಂದ ಶುರುಮಾಡಬೇಕು. ಅಷ್ಟರಲ್ಲೇ ಅರ್ಧ ಜನ ಸುಮ್ಮನಾಗುತ್ತಾರೆ.

ವೀಸಾ ಭಯ ಬೇರೆ. ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿದ್ದು ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಹೊರಡಬೇಕು. ಮ್ಯಾನೇಜರೇ ಜಾತಿ ನೋಡಿ ನಡೆದುಕೊಂಡರೆ ದೂರು ಕೊಡಲು ಯಾರಿಗೆ ಧೈರ್ಯ ಬರುತ್ತದೆ? ಹಾಗೇನಾದರೂ ಆದರೆ ಅಂದೇ ಬರೆದಿಡು: ಯಾರು, ಏನಂದರು, ಎದುರಿಗೆ ಯಾರಿದ್ದರು. ಆಫೀಸಿನ ಲ್ಯಾಪ್‌ಟಾಪಿನಲ್ಲಲ್ಲ, ನಿನ್ನದೇ ಪುಸ್ತಕದಲ್ಲಿ. ಆಮೇಲೆ ವಕೀಲರನ್ನು ಕೇಳೋಣ, ನಾನೂ ಜೊತೆಗೆ ಬರುತ್ತೇನೆ.

ಹೆಸರು ಬದಲಿಸಿಕೊಳ್ಳಲೇ ಎಂದೂ ಕೇಳಿದ್ದೀಯ. ಬೇಡ ಕಣೋ. ಅಪ್ಪ ಇಟ್ಟ ಹೆಸರಲ್ಲೇ ಬಾ. ರೂಮು ಸಿಗುವವರೆಗೆ ನಮ್ಮ ಮನೆಯಲ್ಲಿರು. ರಾಗಿ ಹಿಟ್ಟು ಇಲ್ಲೇ ಸಿಗುತ್ತದೆ, ಹೊತ್ತು ತರಬೇಡ.