ಬ್ಲ್ಯಾಡರ್ ಕ್ಯಾನ್ಸರ್‌ಗಾಗಿಯೇ ಇರುವ ಸಂಸ್ಥೆಗಳಿಂದ ರೋಗಿಗೆ ನಿಜವಾಗಿ ಏನು ಉಪಯೋಗ?

ನಿಮ್ಮ ಭಾವನವರಿಗೆ ಬ್ಲ್ಯಾಡರ್ ಕ್ಯಾನ್ಸರ್, ಅಂದರೆ ಮೂತ್ರಕೋಶದ ಕ್ಯಾನ್ಸರ್, ಇದೆ ಅಂತ ಈಗಷ್ಟೇ ಗೊತ್ತಾಗಿದೆ. ಈ ಕಾಯಿಲೆಗಾಗಿಯೇ ಇರುವ ಲಾಭರಹಿತ ಸಂಸ್ಥೆಗಳು ರಿಬ್ಬನ್ ಹಂಚಿ ನಡಿಗೆ ಮಾಡಿಸುವುದನ್ನು ಬಿಟ್ಟು ಬೇರೇನಾದರೂ ಮಾಡುತ್ತವೆಯೇ, ದೇಣಿಗೆ ಕೊಟ್ಟರೆ ಅದು ಸಂಶೋಧನೆಗೆ ತಲುಪುತ್ತದೆಯೇ ಅಂತ ಕೇಳಿದ್ದೀರಿ.

ಮಾಡುತ್ತವೆ, ತಲುಪುತ್ತದೆ. ನಾನು ಇಂಥ ಒಂದು ಸಂಸ್ಥೆಯಲ್ಲಿ ಸ್ವಯಂಸೇವಕ. ನನ್ನ ಮೂತ್ರಕೋಶವನ್ನೂ ತೆಗೆದಿದ್ದಾರೆ. ಹೊಸದಾಗಿ ಕಾಯಿಲೆ ಗೊತ್ತಾದವರ ಜೊತೆ ಫೋನಿನಲ್ಲಿ ಮಾತಾಡುವುದು ನಾನು ಮಾಡುವ ಕೆಲಸ. ಹಾಗಾಗಿ ಒಳಗಿನಿಂದ ಕಂಡಿದ್ದನ್ನು ಹೇಳುತ್ತೇನೆ.

2022ರಲ್ಲಿ ಜಗತ್ತಿನಲ್ಲಿ 6 ಲಕ್ಷಕ್ಕೂ ಜಾಸ್ತಿ ಜನರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂದಿತ್ತು. ಆದರೂ ತಮಗೆ ಬರುವ ತನಕ ಇದರ ಹೆಸರನ್ನೇ ಕೇಳದವರು ತುಂಬಾ ಜನ. ಮೂತ್ರದ ವಿಷಯ ಅಂದರೆ ಯಾರೂ ಬಾಯಿ ಬಿಡುವುದಿಲ್ಲ, ಅಲ್ವಾ? ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂತು, ಆಮೇಲೆ ನಿಂತುಹೋಯಿತು ಅಂತ ಸುಮ್ಮನಾಗುತ್ತಾರೆ. ಹೆಂಗಸರಲ್ಲಿ ಇದನ್ನು ಸೋಂಕು ಅಂದುಕೊಂಡು ಆಂಟಿಬಯಾಟಿಕ್ ಕೊಡುತ್ತಾ ಹೋಗಿ, ಪತ್ತೆಯಾಗುವ ಹೊತ್ತಿಗೆ ತಡವಾಗುವುದೂ ಉಂಟು.

ಇನ್ನೊಂದು ವಿಷಯ, ಈ ಕಾಯಿಲೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಪತ್ತೆಯಾದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಗಡ್ಡೆ ಮೂತ್ರಕೋಶದ ಮಾಂಸದ ಪದರಕ್ಕೆ ಇಳಿದಿರುವುದಿಲ್ಲ. ಮೂತ್ರನಾಳದ ಮೂಲಕವೇ ಒಳಗೆ ಹೋಗಿ ಕೆರೆದು ತೆಗೆಯುತ್ತಾರೆ. ಆದರೆ ಅದು ಮತ್ತೆ ಮತ್ತೆ ಬರುವ ಸ್ವಭಾವದ್ದು. ಹಾಗಾಗಿ ಶುರುವಿನಲ್ಲಿ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಗಟ್ಟಲೆ, ಕ್ಯಾಮೆರಾ ಹಾಕಿ ನೋಡುತ್ತಲೇ ಇರಬೇಕು. ಪ್ರತಿ ಸಲವೂ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಇಷ್ಟು ಉದ್ದದ ದಾರಿಯಲ್ಲಿ ಡಾಕ್ಟರ ಕೋಣೆಯಲ್ಲಿ ಸಿಗುವ ಹದಿನೈದು ನಿಮಿಷ ಎಲ್ಲಿಗೆ ಸಾಕಾಗುತ್ತದೆ?

ಫೋನಿನಲ್ಲಿ ಜನ ಕೇಳುವುದು ಬಹಳ ಸಣ್ಣ ಸಣ್ಣ ಪ್ರಶ್ನೆಗಳನ್ನು. ಗಡ್ಡೆ ಕೆರೆದು ತೆಗೆದ ಮೇಲೆ ಅದು ಮರಳಿ ಬರದಿರಲಿ ಅಂತ ಕೊಡುವ ಬಿಸಿಜಿ ಔಷಧಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕ್ಷಯಕ್ಕೆ ಹಾಕುವ ಲಸಿಕೆಯ ಅದೇ ಜೀವಂತ ಬ್ಯಾಕ್ಟೀರಿಯಾವನ್ನು ಕ್ಯಾಥೆಟರ್ ಎಂಬ ತೆಳು ಕೊಳವೆಯ ಮೂಲಕ ಮೂತ್ರಕೋಶಕ್ಕೆ ಬಿಡುತ್ತಾರೆ. ವಾರಕ್ಕೊಂದರಂತೆ ಆರು ವಾರ. ಅದನ್ನು ಸುಮಾರು ಎರಡು ಗಂಟೆ ಒಳಗೇ ಹಿಡಿದಿಟ್ಟುಕೊಳ್ಳಬೇಕು. ಎರಡು ಗಂಟೆ ತಡೆಯಲಾಗದಿದ್ದರೆ? ಮನೆಗೆ ಹೋಗುವಾಗ ದಾರಿಯಲ್ಲೇ ಅವಸರವಾದರೆ? ಮೊದಲ ಆರು ಗಂಟೆ ಕುಳಿತೇ ಮೂತ್ರ ಮಾಡಿ, ಟಾಯ್ಲೆಟ್‌ಗೆ ಬ್ಲೀಚ್ ಸುರಿದು, ಹದಿನೈದಿಪ್ಪತ್ತು ನಿಮಿಷ ಬಿಟ್ಟು ನೀರು ಹಾಕಿ ಅಂತ ಆಸ್ಪತ್ರೆಯವರು ಹೇಳಿರುತ್ತಾರೆ. ಹಾಗಾದರೆ ಮನೆಯಲ್ಲಿ ಪುಟ್ಟ ಮಗು ಇದೆ, ಏನಾದರೂ ಆಗುತ್ತಾ ಅಂತ ಹೆಂಡತಿಗೆ ಭಯ. ಇದನ್ನು ಡಾಕ್ಟರಿಗೆ ಕೇಳಲು ಸಂಕೋಚ, ಅನುಭವಿಸಿದವರಿಗೆ ಕೇಳಲು ಸಂಕೋಚವಿಲ್ಲ.

ಮೂತ್ರಕೋಶ ತೆಗೆಯಬೇಕು ಅಂತಾದರೆ ಪ್ರಶ್ನೆ ಇನ್ನೂ ದೊಡ್ಡದು. ಕರುಳಿನ ತುಂಡಿನಿಂದ ಹೊಟ್ಟೆಯ ಮೇಲೆ ದಾರಿ ಮಾಡಿ ಹೊರಗೆ ಮೂತ್ರ ತುಂಬಿಕೊಳ್ಳುವ ಚೀಲ ಅಂಟಿಸುವುದಾ, ಇಲ್ಲಾ ಕರುಳಿನಿಂದಲೇ ಒಳಗೆ ಹೊಸ ಮೂತ್ರಕೋಶ ಹೊಲಿಯುವುದಾ? ಯಾವುದು ಒಳ್ಳೆಯದು ಅಂತ ನಾವು ಹೇಳುವುದಿಲ್ಲ, ಹೇಳಲೂಬಾರದು. ಆದರೆ ಚೀಲದ ಕಡೆ ಮನಸ್ಸು ಮಾಡಿದವರಿಗೆ ನಾನು ಒಂದು ಮಾತು ತಪ್ಪದೆ ಹೇಳುತ್ತೇನೆ: ಆಪರೇಷನ್‌ಗೆ ಮುಂಚೆ ನರ್ಸ್ ಹೊಟ್ಟೆಯ ಮೇಲೆ ಜಾಗ ಗುರುತು ಮಾಡುತ್ತಾರಲ್ಲ, ಆಗ ನೀವು ದಿನಾ ಹಾಕುವ ಪ್ಯಾಂಟ್ ಹಾಕಿಕೊಂಡು ಹೋಗಿ. ಕುಳಿತು, ಬಗ್ಗಿ ತೋರಿಸಿ. ಬೆಲ್ಟ್ ಬರುವ ಕಡೆ ಅಥವಾ ಹೊಟ್ಟೆ ಮಡಿಚಿಕೊಳ್ಳುವ ಕಡೆ ಗುರುತು ಬಿದ್ದರೆ ಚೀಲ ಸರಿಯಾಗಿ ಕೂರದೆ ಸೋರುತ್ತದೆ.

ಈಗ ಸಂಶೋಧನೆಯ ವಿಷಯ. ಅಮೆರಿಕದ ಬ್ಲ್ಯಾಡರ್ ಕ್ಯಾನ್ಸರ್ ಅಡ್ವೊಕಸಿ ನೆಟ್‌ವರ್ಕ್, ಅಂದರೆ ಬಿಕ್ಯಾನ್, ಉದಾಹರಣೆಗೆ ಒಳ್ಳೆಯದು. ಜಾನ್ ಕ್ವೇಲ್ ಎಂಬ ರೋಗಿ ಮತ್ತು ಅವರ ಪತ್ನಿ ಡಯೇನ್ ಸೇರಿ 2005ರಲ್ಲಿ ಕಟ್ಟಿದ್ದು. ಜಾನ್ 2008ರಲ್ಲಿ ತೀರಿಕೊಂಡರು. ಸಂಸ್ಥೆ ಬೆಳೆಯಿತು. ರೋಗಿಯನ್ನು ಅದೇ ಚಿಕಿತ್ಸೆ ಪಡೆದ ಇನ್ನೊಬ್ಬರ ಜೊತೆ ಫೋನಿನಲ್ಲಿ ಜೋಡಿಸುತ್ತಾರೆ. ಯುವ ವಿಜ್ಞಾನಿಗಳಿಗೆ ಅನುದಾನ ಕೊಡುತ್ತಾರೆ. ಈ ಹಣ ಸರ್ಕಾರಿ ಅನುದಾನದಷ್ಟು ದೊಡ್ಡದಲ್ಲ. ಆದರೆ ಹೊಸ ಆಲೋಚನೆಗೆ ಮೊದಲ ಫಲಿತಾಂಶ ತೋರಿಸದೆ ದೊಡ್ಡ ಹಣ ಹುಟ್ಟುವುದಿಲ್ಲ. ಆ ಮೊದಲ ಫಲಿತಾಂಶಕ್ಕೆ ಇದು ಆಸರೆ.

ನನಗೆ ತುಂಬಾ ಮುಖ್ಯ ಅನಿಸುವುದು ಬೇರೆ. ಯಾವ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು ಅಂತ ಬಿಕ್ಯಾನ್ ರೋಗಿಗಳನ್ನೇ ಕೇಳಿತು. ಚಿಕಿತ್ಸೆ ಮಾಡಿದರೂ ಕ್ಯಾನ್ಸರ್ ಮರಳಿ ಬಂದರೆ ಮೂತ್ರಕೋಶದೊಳಗೆ ಮತ್ತೆ ಔಷಧಿ ಹಾಕಿಸಿ ನೋಡಬೇಕಾ, ಮೂತ್ರಕೋಶವನ್ನೇ ತೆಗೆಸಬೇಕಾ? ಇದು ರೋಗಿಗಳು ಮುಂದಿಟ್ಟ ಪ್ರಶ್ನೆಗಳಲ್ಲೊಂದು. ಇದರಿಂದಲೇ ಸಿಸ್ಟೋ ಎಂಬ ದೊಡ್ಡ ಅಧ್ಯಯನ ಹುಟ್ಟಿತು. ಎರಡೂ ದಾರಿ ಹಿಡಿದವರನ್ನು ಹೋಲಿಸಿ, ಅವರು ಓಡಾಡಿಕೊಂಡು ಹೇಗಿದ್ದಾರೆ, ದಿನನಿತ್ಯದ ಬದುಕು ಹೇಗಿದೆ ಅಂತ ನೋಡುವ ಅಧ್ಯಯನ. ನಾವು ಫೋನಿನಲ್ಲಿ ದಿನಾ ಕೇಳುವ ಮಾತೇ ವಿಜ್ಞಾನದ ಪ್ರಶ್ನೆಯಾಗಿದ್ದು ಕಂಡು ನನಗೆ ನಿಜಕ್ಕೂ ಖುಷಿಯಾಯಿತು.

ಔಷಧಿಯೇ ಸಿಗದಿದ್ದಾಗಲೂ ಸಂಸ್ಥೆ ಬೇಕಾಗುತ್ತದೆ. 2012ರಲ್ಲಿ ಟೊರಾಂಟೊದಲ್ಲಿ ಬಿಸಿಜಿ ತಯಾರಿಸುತ್ತಿದ್ದ ಸನೋಫಿ ಕಂಪನಿಯ ಕಾರ್ಖಾನೆಗೆ ನೀರು ನುಗ್ಗಿ ಕೆಲಸ ನಿಂತಿತು. ಮುಂದೆ ಕಂಪನಿ ಆ ತಯಾರಿಕೆಯನ್ನೇ ಕೈಬಿಟ್ಟಿತು. ಅಮೆರಿಕಕ್ಕೆ ಮರ್ಕ್ ಎಂಬ ಕಂಪನಿ ಒಂದೇ ಆಧಾರವಾಗಿ ಉಳಿಯಿತು. ಇದ್ದಷ್ಟು ಔಷಧಿಯನ್ನು ಯಾರಿಗೆ ಮೊದಲು ಕೊಡಬೇಕು, ಡೋಸ್ ಕಡಿಮೆ ಮಾಡಿ ಹೇಗೆ ಹಂಚಬಹುದು ಅಂತ 2019ರಲ್ಲಿ ಮೂತ್ರರೋಗ ತಜ್ಞರ ಸಂಘಗಳ ಜೊತೆ ಸೇರಿ ಬಿಕ್ಯಾನ್ ಕೂಡ ಸಲಹೆ ಹೊರಡಿಸಿತು. ಆ ಮೇಜಿನಲ್ಲಿ ರೋಗಿಗಳ ಪರವಾಗಿ ಒಬ್ಬರು ಕುಳಿತಿದ್ದು ಸಣ್ಣ ವಿಷಯವಲ್ಲ.

ನಡಿಗೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅನುದಾನದ ಹಣಕ್ಕೆ ಅದೂ ಒಂದು ಮೂಲ. ಚೀಲ ಹಾಕಿಕೊಂಡ ಇನ್ನೊಬ್ಬರನ್ನು ಜೀವನದಲ್ಲಿ ಮೊದಲ ಬಾರಿ ಕಣ್ಣಾರೆ ನೋಡುವುದು ಎಷ್ಟೋ ಜನ ಅಲ್ಲೇ.

ದೇಣಿಗೆ ಕೊಡುವ ಮುಂಚೆ ಸಂಸ್ಥೆಯ ವಾರ್ಷಿಕ ಲೆಕ್ಕ ನೋಡಿ. ಔಷಧಿ ಕಂಪನಿಗಳಿಂದ ಹಣ ಬರುತ್ತಿದ್ದರೆ ಅದನ್ನು ಬಹಿರಂಗವಾಗಿ ಹೇಳಿದ್ದಾರಾ, ವೈದ್ಯಕೀಯ ಸಲಹೆಗಾರರು ಯಾರು ಅಂತ ತಿಳಿದುಕೊಳ್ಳಿ. ಇಂಥದ್ದೇ ಚಿಕಿತ್ಸೆ ಮಾಡಿಸಿ ಅಂತ ಒತ್ತಾಯ ಮಾಡುವವರಿಂದ ದೂರ ಇರಿ.

ಆದರೆ ದೇಣಿಗೆ ಆಮೇಲೆ ನೋಡಿಕೊಳ್ಳಬಹುದು. ಮೊದಲು ಬಯಾಪ್ಸಿ ವರದಿ ತೆಗೆದುಕೊಂಡು ಎರಡು ವಿಷಯ ನೋಡಿ: ಗಡ್ಡೆಯ ಗ್ರೇಡ್ (ಅದು ಎಷ್ಟು ಉಗ್ರ ಸ್ವಭಾವದ್ದು ಅಂತ ಹೇಳುವ ದರ್ಜೆ) ಏನು, ಮಾಂಸದ ಪದರಕ್ಕೆ ಇಳಿದಿದೆಯಾ. ಅದನ್ನು ಕೈಯಲ್ಲಿಟ್ಟುಕೊಂಡು ಇಂಥ ಸಂಸ್ಥೆಗೆ ಫೋನ್ ಮಾಡಿ, ಇದೇ ಹಂತ ದಾಟಿದವರ ಜೊತೆ ಮಾತಾಡಿಸಿ ಅಂತ ಕೇಳಿ. ಭಾವನವರಿಗೆ ಮಾತಾಡಲು ಮನಸ್ಸಿಲ್ಲದಿದ್ದರೆ ನಿಮ್ಮ ಅಕ್ಕ ಮಾಡಲಿ. ನೋಡಿಕೊಳ್ಳುವವರ ಜೊತೆಯೂ ನಾವು ಮಾತಾಡುತ್ತೇವೆ.