ಪಿಯಾನೊ ಹೊತ್ತವರು ಕಡಿಮೆಯವರೇ?

ತೀರ್ಥಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಚಾಪ್ಲಿನ್ ಲೇಖನದಲ್ಲಿ ಲಾರೆಲ್-ಹಾರ್ಡಿ ಮತ್ತಿತರರನ್ನು 'ದೊಡ್ಡ ಚಿತ್ರಕ್ಕೆ ಏರಲಾಗದೆ ಕಿರುಚಿತ್ರದಲ್ಲೇ ಉಳಿದವರು' ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಮೊನ್ನೆ ಮೊಮ್ಮಗನ ಜೊತೆ ಮೊಬೈಲಿನಲ್ಲಿ ಅವರ 'ದಿ ಮ್ಯೂಸಿಕ್ ಬಾಕ್ಸ್' ನೋಡಿದೆ. ಅರ್ಧ ಗಂಟೆಯ ಚಿತ್ರ. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅರ್ಧ ಗಂಟೆ ನಗಿಸಿದವರು ಕಡಿಮೆಯವರೇ? ಇನ್ನೊಂದು ಪ್ರಶ್ನೆ, ಇದು ಮೊಮ್ಮಗನದು: ಹಳೆಯ ಮೂಕಿ ಚಿತ್ರಗಳಲ್ಲಿ ಎಲ್ಲರೂ ಯಾಕೆ ಅಷ್ಟು ಪಟಪಟ ನಡೆಯುತ್ತಾರೆ?"

ಮೇಷ್ಟ್ರೇ, ತಪ್ಪು ನಮ್ಮದು. ಆ ಸಾಲನ್ನು ಅಚ್ಚಿಗೆ ಕಳಿಸುವ ಮುಂಚೆ ನಾನೇ ಓದಿದ್ದೆ, ಕಣ್ಣಿಗೆ ಬೀಳಲಿಲ್ಲ. ಲಾರೆಲ್-ಹಾರ್ಡಿ ಎಂಬ ಈ ಹಾಸ್ಯ ಜೋಡಿ ಪೂರ್ಣ ಪ್ರಮಾಣದ ಚಿತ್ರಗಳನ್ನೂ ಮಾಡಿದೆ, ಹಾಗಾಗಿ 'ಏರಲಾಗದೆ' ಎಂದದ್ದೇ ಸುಳ್ಳು. ಅದಕ್ಕಿಂತ ಜಾಸ್ತಿ ಚುಚ್ಚಿದ್ದು 'ಏರು' ಎಂಬ ಮಾತು. ಕಿರುಚಿತ್ರ ಎಂದರೆ ಕೆಳಗಿನ ಮೆಟ್ಟಿಲು, ದೊಡ್ಡ ಚಿತ್ರ ಎಂದರೆ ಅಟ್ಟ ಎಂದು ನಾವು ಸುಮ್ನೆ ನಂಬಿಬಿಟ್ಟಿದ್ದೇವೆ.

ಆ ಕಾಲದವರು ಹಾಗೆ ನಂಬಿರಲಿಲ್ಲ. ಚಾಪ್ಲಿನ್ನನ್ನೇ ತಗೊಳ್ಳಿ. 1914ರಲ್ಲಿ ಹಾಸ್ಯ ಚಿತ್ರಗಳ ನಿರ್ಮಾಪಕ ಮ್ಯಾಕ್ ಸೆನೆಟ್‌ನ ಕೀಸ್ಟೋನ್ ಕಂಪನಿಯಲ್ಲಿ ಅವನ ಸಂಬಳ ವಾರಕ್ಕೆ 150 ಡಾಲರ್. 1916ರಲ್ಲಿ ಮ್ಯೂಚುವಲ್ ಕಂಪನಿ ಕೊಟ್ಟದ್ದು ವಾರಕ್ಕೆ 10,000 ಡಾಲರ್, ಮೇಲೆ ಒಂದೂವರೆ ಲಕ್ಷ ಡಾಲರ್ ಬೋನಸ್. ಇಷ್ಟು ದುಡ್ಡು ಸುರಿದದ್ದು ಯಾವುದಕ್ಕೆ? ಎರಡೆರಡು ರೀಲಿನ ಹನ್ನೆರಡು ಹಾಸ್ಯ ಚಿತ್ರಗಳಿಗೆ! ಒಂದು ರೀಲು ಅಂದರೆ ಸುಮಾರು ಸಾವಿರ ಅಡಿ ಫಿಲ್ಮು. ಎರಡು ರೀಲು ಓಡಿದರೆ ಇಪ್ಪತ್ತು-ಇಪ್ಪತ್ತೈದು ನಿಮಿಷ. ಜನ ಥಿಯೇಟರಿಗೆ ನುಗ್ಗುತ್ತಿದ್ದದ್ದು ಅದಕ್ಕೇ.

ಈಗ ನೀವು ನೋಡಿದ ಚಿತ್ರಕ್ಕೆ ಬರೋಣ. 'ದಿ ಮ್ಯೂಸಿಕ್ ಬಾಕ್ಸ್' 1932ರದ್ದು, ಮೂರು ರೀಲು. ಮೂಕಿಯಲ್ಲ, ಟಾಕಿ. ಕಥೆ ಒಂದೇ ಗೆರೆ: ಇಬ್ಬರು ಒಂದು ಪಿಯಾನೊವನ್ನು ಮೆಟ್ಟಿಲು ಹತ್ತಿಸಿ ಒಂದು ಮನೆಗೆ ತಲುಪಿಸಬೇಕು. ಆ ಮೆಟ್ಟಿಲು ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಕಡೆ ಇವತ್ತಿಗೂ ಇವೆ, ಒಟ್ಟು 133. ಅರ್ಧ ಹತ್ತಿದಾಗ ಮಗುವಿನ ತಳ್ಳುಗಾಡಿ ಹಿಡಿದ ದಾದಿಯೊಬ್ಬಳು ಎದುರಾಗುತ್ತಾಳೆ. ಇವರು ದಾರಿ ಬಿಡುತ್ತಾರೆ. ಪಿಯಾನೊ ಜಾರುತ್ತದೆ. ಅದು ಬೀಳುವುದಕ್ಕಿಂತ ಅದರ ಸದ್ದು ಕೇಳಿ. ಒಂದೊಂದು ಮೆಟ್ಟಿಲಿಗೂ ಪೆಟ್ಟಿಗೆಯೊಳಗಿನ ತಂತಿಗಳೆಲ್ಲ ಒಟ್ಟಿಗೆ ಝಣ್ ಝಣ್ ಎನ್ನುತ್ತವೆ. ಚಿತ್ರಕ್ಕೆ ಮಾತು ಬಂದಾಗ ಉಳಿದವರು ಸಂಭಾಷಣೆಯ ಹಿಂದೆ ಬಿದ್ದರು. ಇವರು ಪೆಟ್ಟಿಗೆಗೆ ಮಾತು ಕೊಟ್ಟರು.

ಅದಕ್ಕಿಂತಲೂ ನನಗೆ ಇಷ್ಟವಾದದ್ದು ಮುಂದಿನದು. ಎಲ್ಲ ಮುಗಿದು, ಏದುಸಿರು ಬಿಡುತ್ತಾ ಮೇಲೆ ತಲುಪಿದಾಗ ಪೋಸ್ಟ್‌ಮನ್ ಬಂದು, ಆ ಕಡೆಯಿಂದ ಗಾಡಿ ಬರುವ ರಸ್ತೆಯೇ ಇತ್ತಲ್ಲ ಎನ್ನುತ್ತಾನೆ. ಬೇರೆ ಯಾರೇ ಆಗಿದ್ದರೂ ತಲೆ ಚಚ್ಚಿಕೊಳ್ಳುವ ಹೊತ್ತು. ಇವರು? ಪಿಯಾನೊವನ್ನು ಮತ್ತೆ ಹೊತ್ತು ಕೆಳಗೆ ತರುತ್ತಾರೆ, ಕುದುರೆಗಾಡಿಗೆ ಏರಿಸುತ್ತಾರೆ, ಆ ರಸ್ತೆಯಲ್ಲಿ ಮೇಲೆ ತರುತ್ತಾರೆ! ಈ ಜಾಗದಲ್ಲಿ ನಿಮ್ಮ ಮೊಮ್ಮಗ ಏನಂದ ಅಂತ ಬರೆಯಲೇ ಇಲ್ಲ ನೀವು. ನಾನು ಮೊದಲ ಸಲ ನೋಡಿದ್ದು ಮನೆ ಬದಲಿಸಿದ ವಾರ. ಮೂರನೇ ಮಹಡಿಗೆ ಕಬ್ಬಿಣದ ಬೀರು ಹತ್ತಿಸಿ ಸೊಂಟ ಹಿಡಿದುಕೊಂಡಿತ್ತು. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕೆ.

ಇದರಲ್ಲಿ ಓಟವೇ ಇಲ್ಲ, ಗಮನಿಸಿದಿರಾ? ಹಾರ್ಡಿ ಏಟು ತಿಂದಮೇಲೆ ಎದ್ದು ಕೂರುತ್ತಾನೆ. ಕ್ಯಾಮೆರಾದ ಕಡೆ ತಿರುಗಿ ನಮ್ಮನ್ನೇ ನೋಡುತ್ತಾನೆ. 'ನೋಡಿದಿರಲ್ಲಾ, ಇಂಥವನ ಜೊತೆ ಬಾಳಬೇಕು ನಾನು' ಅನ್ನುವ ನೋಟ. ಕೀಸ್ಟೋನ್ ಚಿತ್ರಗಳ ಪೆದ್ದು ಪೊಲೀಸರು ಓಡಿ ಓಡಿ ನಗಿಸಿದರೆ ಇವರು ನಿಧಾನದಲ್ಲೇ ನಗಿಸಿದರು. ತಮಾಷೆಗಳನ್ನು ಹೆಣೆಯುವ ಕೆಲಸದ ಬಹುಪಾಲು ಲಾರೆಲ್‌ನದು. ಚಾಪ್ಲಿನ್ ಬಂದ ಫ್ರೆಡ್ ಕಾರ್ನೊನ ನಾಟಕ ತಂಡದಲ್ಲೇ ಅವನೂ ಇದ್ದವನು, ಚಾಪ್ಲಿನ್ ಬಾರದ ದಿನ ಅವನ ಪಾತ್ರ ಮಾಡಲು ಸಿದ್ಧನಿದ್ದವನು. ಹಾರ್ಡಿಗೆ ಶೂಟಿಂಗ್ ಮುಗಿದರೆ ಗಾಲ್ಫ್.

'ದಿ ಮ್ಯೂಸಿಕ್ ಬಾಕ್ಸ್'ಗೆ ಆಸ್ಕರ್ ಬಂತು. ಹಾಸ್ಯ ಕಿರುಚಿತ್ರ ಎಂಬ ವಿಭಾಗವನ್ನೇ ಮೊದಲ ಸಲ ಮಾಡಿದ ವರ್ಷ ಅದು. ಇದೇ ಮೆಟ್ಟಿಲ ಮೇಲೆ ಇವರೇ 1927ರಲ್ಲಿ ಬಟ್ಟೆ ಒಗೆಯುವ ಯಂತ್ರ ಹೊತ್ತಿದ್ದರು, 'ಹ್ಯಾಟ್ಸ್ ಆಫ್' ಎಂಬ ಮೂಕಿಯಲ್ಲಿ. ಅದರ ಪ್ರತಿ ಎಲ್ಲೂ ಉಳಿದಿಲ್ಲ.

ಪಿಯಾನೊ ಚಿತ್ರದ ನಿರ್ದೇಶಕ ಜೇಮ್ಸ್ ಪ್ಯಾರಟ್. 'ಕಡಿಮೆಯವರೇ' ಎಂಬ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅವನ ಅಣ್ಣನಲ್ಲಿ. ಅವನ ಹೆಸರು ಚಾರ್ಲ್ಸ್ ಪ್ಯಾರಟ್, ಪರದೆಯ ಮೇಲೆ ಚಾರ್ಲಿ ಚೇಸ್. ತೆಳ್ಳಗೆ, ಉದ್ದಕ್ಕೆ, ನೀಟಾಗಿ ಬಾಚಿದ ತಲೆ, ಸಣ್ಣ ಮೀಸೆ. ದೊಗಲೆ ಪ್ಯಾಂಟೂ ಇಲ್ಲ, ಬೆತ್ತವೂ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದರೆ ನೀವು ತಿರುಗಿ ನೋಡುತ್ತಿರಲಿಲ್ಲ. ಅಂಥವನಿಗೆ ಮರ್ಯಾದೆ ಹೋಗುವ ಪ್ರಸಂಗ ಬಂದರೆ ಹೇಗಿರುತ್ತದೆ ಎನ್ನುವುದೇ ಅವನ ಎಲ್ಲ ಕಥೆಗಳ ಬಂಡವಾಳ.

1926ರ 'ಮೈಟಿ ಲೈಕ್ ಎ ಮೂಸ್' ನೋಡಿ. ಗಂಡನಿಗೆ ಉಬ್ಬುಹಲ್ಲು. ಹೆಂಡತಿಗೆ ಭಾರೀ ಮೂಗು. ಒಬ್ಬರಿಗೊಬ್ಬರು ಹೇಳದೆ ಅವನು ಹಲ್ಲು ಸರಿ ಮಾಡಿಸುತ್ತಾನೆ, ಅವಳು ಮೂಗು. ಆಮೇಲೆ ಇಬ್ಬರೂ ಎದುರಾಗುತ್ತಾರೆ. ಗುರುತೇ ಹತ್ತುವುದಿಲ್ಲ! ಕದ್ದು ಪ್ರೇಮ ಶುರು. ಅವಳು ತನ್ನ ಹೆಂಡತಿಯೇ ಎಂದು ಗಂಡನಿಗೆ ಮೊದಲು ಗೊತ್ತಾಗುತ್ತದೆ. ಮುಂದಿನದು ನನಗೆ ಹಾಲಿವುಡ್ ಹಾಸ್ಯದ ಅತ್ಯುತ್ತಮ ಜಗಳ: ಚೇಸ್ ಹಳೆಯ ಹಲ್ಲಿಟ್ಟುಕೊಂಡು ಗಂಡನಾಗಿ ಬರುತ್ತಾನೆ, ಹಲ್ಲು ತೆಗೆದು ಪ್ರಿಯಕರನಾಗಿ ಬರುತ್ತಾನೆ, ತನ್ನನ್ನೇ ತಾನು ಹಿಡಿದು ಬಡಿಯುತ್ತಾನೆ. ಹೆಂಡತಿ ಪಾತ್ರದ ವಿವಿಯನ್ ಓಕ್‌ಲ್ಯಾಂಡ್ ಕಣ್ಣರಳಿಸಿ ನೋಡುವುದೇ ಒಂದು ಚೆಂದ. ನಿರ್ದೇಶಕ ಲಿಯೊ ಮೆಕ್ಯಾರಿ.

ಈ ಕಥೆಯನ್ನು ಎರಡು ಗಂಟೆ ಎಳೆಯಲು ಆಗುತ್ತದಾ? ಹತ್ತೇ ನಿಮಿಷ ಜಾಸ್ತಿ ಮಾಡಿದರೂ 'ಗಂಡ ಹೆಂಡತಿಗೆ ದನಿಯೂ ಗುರುತು ಸಿಗಲಿಲ್ವಾ' ಎಂದು ನೋಡುವವರು ಕೇಳಲು ಶುರುಮಾಡುತ್ತಾರೆ. ಕೇಳುವ ಮುಂಚೆ ಮುಗಿಸಬೇಕು. ಚೇಸ್‌ಗೆ ಆ ಅಳತೆ ಕೈವಶವಾಗಿತ್ತು. ದೊಡ್ಡ ಚಿತ್ರದ ನಾಯಕನಾಗಿ ಅವನು ನೆಲೆಯೂರಲಿಲ್ಲ ನಿಜ, ಲಾರೆಲ್-ಹಾರ್ಡಿಯ 'ಸನ್ಸ್ ಆಫ್ ದಿ ಡೆಸರ್ಟ್'ನಲ್ಲಿ ಕಾಟ ಕೊಡುವ ಕುಡುಕನಾಗಿ ಬಂದು ಹೋದ. ಅದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ.

ಸೋತದ್ದು ಥಿಯೇಟರಿನ ಲೆಕ್ಕದಲ್ಲಿ. ಮೊದಲು ಟಿಕೆಟಿಗೆ ಸುದ್ದಿಚಿತ್ರ, ಕಾರ್ಟೂನು, ಒಂದು ಹಾಸ್ಯದ ತುಣುಕು, ಕೊನೆಗೆ ದೊಡ್ಡ ಚಿತ್ರ. ಊಟಕ್ಕೆ ಮುಂಚೆ ಕೋಸಂಬರಿ ಬಡಿಸಿದ ಹಾಗೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜನರನ್ನು ಸೆಳೆಯಲು ಒಂದೇ ಟಿಕೆಟಿಗೆ ಎರಡು ದೊಡ್ಡ ಚಿತ್ರ ಶುರುವಾಯಿತು. ಕೋಸಂಬರಿಗೆ ಎಲೆಯಲ್ಲಿ ಜಾಗ ಉಳಿಯಲಿಲ್ಲ. ನಿರ್ಮಾಪಕ ಹ್ಯಾಲ್ ರೋಚ್ 1935ರಲ್ಲಿ ಲಾರೆಲ್-ಹಾರ್ಡಿಯ ಕಿರುಚಿತ್ರ ನಿಲ್ಲಿಸಿದ, ಮರುವರ್ಷ ಚೇಸ್‌ನನ್ನು ಕೈಬಿಟ್ಟ. ಚೇಸ್ ಕೊಲಂಬಿಯಾ ಕಂಪನಿಗೆ ಹೋಗಿ ಮತ್ತೆ ಕಿರುಚಿತ್ರವನ್ನೇ ಮಾಡಿದ, ಬೇರೆಯವರದ್ದನ್ನೂ ನಿರ್ದೇಶಿಸಿದ. 1940ರಲ್ಲಿ ಹೃದಯಾಘಾತದಿಂದ ಹೋದಾಗ ವಯಸ್ಸು 46.

ಮೊಮ್ಮಗನ ಪ್ರಶ್ನೆಯನ್ನು ಮರೆತಿಲ್ಲ. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ ಹದಿನಾರರಿಂದ ಇಪ್ಪತ್ತು ಬಿಡಿಚಿತ್ರದ (ಫ್ರೇಮಿನ) ಆಸುಪಾಸು. ಟಾಕಿ ಬಂದ ಮೇಲೆ ಪ್ರೊಜೆಕ್ಟರುಗಳು ಓಡಿದ್ದು 24ರ ವೇಗದಲ್ಲಿ. ಹಳೆಯದನ್ನು ಅದರಲ್ಲೇ ಓಡಿಸಿದರೆ ಎಲ್ಲರೂ ಬಸ್ಸು ತಪ್ಪಿಸಿಕೊಂಡವರ ಹಾಗೆ ಕಾಣುತ್ತಾರೆ. ಓಟದ ದೃಶ್ಯಕ್ಕೆ ಬೇಕಂತಲೇ ನಿಧಾನ ತಿರುಗಿಸಿದ್ದೂ ಉಂಟು. ಚೆನ್ನಾಗಿ ಸರಿಪಡಿಸಿದ ಪ್ರತಿಯಲ್ಲಿ ಅವರೂ ನಮ್ಮ ಹಾಗೇ ನಡೆಯುತ್ತಾರೆ ಎಂದು ಅವನಿಗೆ ಹೇಳಿ.

ಮುಂದಿನ ಭಾನುವಾರ ಅವನ ಜೊತೆ ಆ ಹಲ್ಲು-ಮೂಗಿನ ಚಿತ್ರ ನೋಡಿ. ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ಮಾತ್ರ ನೀವೇ ಓದಿ ಹೇಳಬೇಕಾಗುತ್ತದೆ. ಮೇಷ್ಟ್ರಿಗೆ ಅದೇನು ಹೊಸ ಕೆಲಸವಲ್ಲ, ಅಲ್ವಾ?

— ಸಂಪಾದಕ